ಕಬ್ಬಿಣದ ಮಂಚ ಅಂಗಳಕ್ಕೆ ಹೋದ ಕಥೆ

ಎದೆಯ ಗಡ್ಡೆ ತೆಗೆಸಿಕೊಂಡು ಕೊಟ್ಟೂರಿನ ಮನೆಗೆ ಬಂದ ಮೇಲೆ, ಮೂರು ವಾರಕ್ಕೊಮ್ಮೆ ದಾವಣಗೆರೆಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಿದ್ದೆ. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಬಾಯಿಜೋರು ಮಾತ್ರ ಹೋಗಲಿಲ್ಲ ಎಂದು ನಮ್ಮನೆಯವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ.

ಅಷ್ಟರಲ್ಲಿ ಹರಪನಹಳ್ಳಿಯಿಂದ ಅತ್ತೆಯ ತಂಗಿ ಫೋನ್ ಮಾಡಿದರು. ಕ್ಯಾನ್ಸರಿಗೆ ಕಬ್ಬಿಣಾಂಶವೇ ಊಟ, ಅದನ್ನು ನಿಲ್ಲಿಸಿದರೆ ರೋಗ ಉಪವಾಸ ಬಿದ್ದು ಸಾಯುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದರಂತೆ. ನಮ್ಮತ್ತೆ ಯಾವ ಕೆಲಸವನ್ನೂ ಅರೆಬರೆ ಮಾಡುವವರಲ್ಲ. ನುಗ್ಗೆಸೊಪ್ಪು ನಿಂತಿತು, ರಾಜಗಿರಿ ನಿಂತಿತು. ರೊಟ್ಟಿ ಸುಡುವ ಕಬ್ಬಿಣದ ಹಂಚು ಅಟ್ಟ ಸೇರಿತು. ಅದರ ಜಾಗಕ್ಕೆ ಬಂದ ನಾನ್‌ಸ್ಟಿಕ್ ತವಾದ ಮೇಲೆ ಜೋಳದ ರೊಟ್ಟಿ ಉಬ್ಬಲೊಲ್ಲದು. ಅತ್ತೆ ಅದಕ್ಕೂ ನನ್ನನ್ನೇ ಬೈದರು. ಕೊನೆಗೆ ನಾನು ಮಲಗುವ ಕಬ್ಬಿಣದ ಮಂಚವೂ ಅಂಗಳಕ್ಕೆ ಹೋಯಿತು.

"ಅತ್ತಿ, ಮಂಚಾ ನಾನೇನು ತಿಂತೀನೇನ್ರಿ?" ಅಂದೆ.

"ಮೈಗೆ ತಾಗ್ತೈತಿ. ಸುಮ್ನ ಚಾಪಿ ಮ್ಯಾಲ ಮಲಕ್ಕೋ" ಅಂದರು.

ಮುಂದಿನ ಸಲ ಅತ್ತೆಯೂ ನನ್ನ ಜೊತೆ ಆಸ್ಪತ್ರೆಗೆ ಬಂದರು. ರಕ್ತಪರೀಕ್ಷೆ ನೋಡಿ ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. ಹಿಮೋಗ್ಲೋಬಿನ್ ಕುಸಿದಿತ್ತು, ಕಬ್ಬಿಣಾಂಶ ತಳ ಮುಟ್ಟಿತ್ತು, ಇವತ್ತು ಕೀಮೋ ಆಗುವುದಿಲ್ಲ ಅಂದರು. ಒಂದೊಂದು ದಿನ ತಡವಾದರೂ ರೋಗ ಮತ್ತೆ ತಲೆ ಎತ್ತೀತೆಂಬ ಭಯ ನನ್ನದು.

ಅತ್ತೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ತಂಗಿ, ತವಾ, ಮಂಚ ಎಲ್ಲ ಹೇಳಿ ಮುಗಿಸಿ, "ಕಬ್ಬಿಣ ಕೊಟ್ರ ಗಡ್ಡಿ ಮತ್ತ ಬೆಳ್ಯಂಗಿಲ್ಲೇನ್ರಿ?" ಎಂದು ಕೇಳಿದರು. ಡಾಕ್ಟರಮ್ಮ ನಗಲಿಲ್ಲ. ಕಬ್ಬಿಣಾಂಶಕ್ಕೂ ಎದೆಯ ಕ್ಯಾನ್ಸರಿಗೂ ಏನು ನಂಟು ಎಂದು ತಿಳಿದವರು ಇನ್ನೂ ಹುಡುಕುತ್ತಿದ್ದಾರೆ, ಪರೀಕ್ಷೆ ಮಾಡಿಸದೆ ಕಬ್ಬಿಣದ ಗುಳಿಗೆ ನುಂಗುವುದು ತಪ್ಪು, ಆದರೆ ಇಷ್ಟು ಕಡಿಮೆ ಇರುವವರಿಗೆ ಊಟ ಕಟ್ಟು ಮಾಡಿದರೆ ಸೊರಗುವುದು ರೋಗವಲ್ಲ, ಮನುಷ್ಯರು ಎಂದರು.

"ಹಂಗಾರ ಈಕಿ ರಕ್ತಾ ನಾನ ಇಳಿಸಿದ್ನೇನ್ರಿ?"

"ಇಲ್ಲಮ್ಮ, ಕೀಮೋದಿಂದಲೂ ಇಳಿಯುತ್ತೆ."

ಆದರೂ ಕೊಟ್ಟೂರು ಬರುವ ತನಕ ಅತ್ತೆ ಬಸ್ಸಿನಲ್ಲಿ ತುಟಿ ಬಿಚ್ಚಲಿಲ್ಲ. ಅವರ ಬೈಗುಳ ನನಗೆ ರೂಢಿ. ಈ ಮೌನ ತಡೆಯಲಾಗಲಿಲ್ಲ.

ಹಂಚು ಕೆಳಗಿಳಿಯಿತು, ಮಂಚ ಒಳಗೆ ಬಂತು. ಆಸ್ಪತ್ರೆಯವರು ಕಬ್ಬಿಣದ ಇಂಜೆಕ್ಷನ್ ಕೊಟ್ಟರು, ಅತ್ತೆ ಮೂರು ಹೊತ್ತೂ ಸೊಪ್ಪು ಬಡಿಸಿ ನಿಂಬೆಹಣ್ಣು ಹಿಂಡಿದರು. ಊಟದ ಜೊತೆ ಚಹಾ ಬೇಡವೆಂದು ಡಾಕ್ಟರಮ್ಮ ಹೇಳಿದ್ದೇ ತಡ, ಮಾತಾಡಿಸಲು ಬಂದ ನೆಂಟರಿಗೂ ಚಹಾ ಸಿಗಲಿಲ್ಲ. "ಆಡಿಗೂ ಇಷ್ಟು ತಪ್ಪಲಾ ಹಾಕಂಗಿಲ್ರಿ" ಅಂದೆ. "ಆಡು ನಿನ್ನಷ್ಟು ಒದರಂಗಿಲ್ಲ, ತಿನ್ನು" ಅಂದರು. ಮನೆ ಮನೆಯಂತಾಯಿತು.

ಮತ್ತೆ ಹೋದಾಗ ಡಾಕ್ಟರಮ್ಮ ರಿಪೋರ್ಟ್ ನೋಡಿ, ಇವತ್ತು ಕೊಡೋಣ ಅಂದರು. ನರ್ಸ್ ನನ್ನ ಕೈಯಲ್ಲಿ ನರ ಹುಡುಕುತ್ತಾ ಹೊತ್ತು ಮಾಡಿದಳು. ಅತ್ತೆಗೆ ತಡೆಯಲಿಲ್ಲ. "ಜಲ್ದಿ ಹಾಕವ್ವಾ, ರಕ್ತಾ ಮತ್ತ ಇಳಿದೀತು!"

ವಾರ್ಡಿಗೆ ವಾರ್ಡೇ ನಕ್ಕಿತು. ಔಷಧಿ ಹನಿಯತೊಡಗಿದ ಮೇಲೆ ಅತ್ತೆ ಮಂಚದ ತುದಿಗೆ ಕುಳಿತು, ಹೊದಿಕೆಯೊಳಗೆ ಕೈ ಹಾಕಿ ನನ್ನ ಎರಡೂ ಪಾದ ಹಿಡಿದುಕೊಂಡರು. ಹಿರಿಯರು, ಅದರಲ್ಲೂ ಅತ್ತೆ, ಸೊಸೆಯ ಕಾಲು ಮುಟ್ಟುವುದುಂಟೇ? ಗಾಬರಿಯಾಗಿ ಕಾಲೆಳೆದುಕೊಂಡೆ.

"ಸುಮ್ನ ಮಲಕ್ಕೋ. ತಣ್ಣಗಾಗ್ಯಾವೇನು ಅಂತ ನೋಡಾಕ ಹತ್ತೀನಿ" ಎಂದು ಗದರಿಸಿ ಮತ್ತೆ ಹಿಡಿದರು. ಕಾಲು ಬೆಚ್ಚಗೇ ಇದ್ದವು. ಬಾಟಲಿ ಖಾಲಿಯಾಗುವ ತನಕ ಅವರು ಬಿಡಲಿಲ್ಲ.