ಎಡೆಗಿಟ್ಟ ಬ್ರೊಕೊಲಿ

ದವಡೆ ನೋಯುತ್ತಿದೆ ಎಂದರು.

ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಸಂಡೂರಿನ ಬಸ್ಸಿಗೆ ಹೊರಟಿದ್ದ ನಮ್ಮ ಮನೆಯವರು ಹೊಸ್ತಿಲ ಬಳಿಯೇ ಕುಳಿತುಬಿಟ್ಟರು. ಹಲ್ಲುನೋವು ಎಂದುಕೊಂಡು ಲವಂಗ ಕೊಟ್ಟೆ. ಅದನ್ನು ಕಚ್ಚಿಕೊಂಡು ಅರ್ಧ ತಾಸು ಕುಳಿತರು. ಆಮೇಲೆ ಬೆವರು ಇಳಿಯತೊಡಗಿತು. ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಅದು ಹಲ್ಲಲ್ಲ, ಹೃದಯ.

ಹೊಸಪೇಟೆಯಲ್ಲಿ ಇಸಿಜಿ. ಅಲ್ಲಿಂದ ಆಂಬುಲೆನ್ಸಿನಲ್ಲಿ ಬಳ್ಳಾರಿ. ಆಂಜಿಯೋಗ್ರಾಮ್. ಎರಡು ಸ್ಟೆಂಟ್. ಐವತ್ತಮೂರರ ವಯಸ್ಸಿಗೆ. ಉಳಿದರು, ವಿರೂಪಾಕ್ಷನ ದಯೆ. ಆದರೆ ಆ ಲವಂಗದ ಅರ್ಧ ತಾಸಿಗಾಗಿ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

ಅವರ ಮೇಲೂ ಸಿಟ್ಟು. ಗಣಿ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸ ಅವರದು. ಇಪ್ಪತ್ತು ವರ್ಷ ದಿನಾ ಸಂಜೆ ಅಲ್ಲಿಯ ತಳ್ಳುಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಬಜ್ಜಿ. ಲಾರಿಗೆ ಲೋಡ್ ಹೆಚ್ಚಾದರೆ ತಡೆದು ನಿಲ್ಲಿಸುವ ಮನುಷ್ಯನಿಗೆ ತನ್ನ ಮೈ ಕಾಣಲಿಲ್ಲ.

ಡಿಸ್ಚಾರ್ಜ್ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಎರಡನೇ ಸಲ ಬಂದ್ರ ಕಷ್ಟ ಐತಮ್ಮ. ಗುಳಿಗಿ ನಾವು ಕೊಡ್ತೀವಿ. ಊಟ ನಿಮ್ಮ ಕೈಯಾಗ ಐತಿ."

ಡಯಟಿಷಿಯನ್ ಹುಡುಗಿ ಒಂದು ಚೀಟಿ ಕೊಟ್ಟಳು. ಎಣ್ಣೆ ಕಡಿಮೆ, ಉಪ್ಪು ಕಡಿಮೆ, ಕರಿದದ್ದು ಇಲ್ಲ. ತರಕಾರಿಗಳ ಸಾಲಿನಲ್ಲಿ ಮೊದಲ ಹೆಸರು: ಬ್ರೊಕೊಲಿ, ಬೇಯಿಸಿ. ಏನದು ಎಂದು ಕೇಳಿದೆ. "ಹಸ್ರು ಹೂಕೋಸು ಇದ್ದಂಗ ಇರ್ತದ ಆಂಟಿ" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದಳು.

ಆ ಚೀಟಿಯನ್ನು ದೇವರ ಮನೆಯ ಗೋಡೆಗೆ ಅಂಟಿಸಿ ವ್ರತದಂತೆ ಹಿಡಿದೆ. ಸಿಕ್ಕ ದಿನವೆಲ್ಲ ಬ್ರೊಕೊಲಿ. ಕುಕ್ಕರಿಗೆ ಹಾಕಿ ಬೇಯಿಸುವುದು, ದೇವರಿಗೆ ಎಡೆ ಇಡುವುದು, ಉಳಿದದ್ದಷ್ಟೂ ಅವರ ತಾಟಿಗೆ. ಔಷಧಿ ತಾನೇ, ನಾನೇಕೆ ಪಾಲು ತಗೊಳ್ಳಲಿ? ನಾನು ಸಾರು ಅನ್ನ ಉಣ್ಣುತ್ತಿದ್ದೆ.

ಅವರು ಮಾತಾಡದೆ ನುಂಗುತ್ತಿದ್ದರು. ಒಮ್ಮೊಮ್ಮೆ ಅರ್ಧ ಬಿಡುತ್ತಿದ್ದರು. ಬಿಟ್ಟಾಗ ನಾನು ಬೈಯುತ್ತಿದ್ದೆ.

ಎರಡು ತಿಂಗಳಾದ ಮೇಲೆ ಕೆಲಸಕ್ಕೆ ಹೋಗತೊಡಗಿದರು. ಒಂದು ಸಂಜೆ ಅವರು ಬಿಚ್ಚಿಟ್ಟ ಅಂಗಿಯನ್ನು ನೆನೆಹಾಕಲು ಹೋದರೆ ಜೇಬಿನಲ್ಲಿ ಮಡಚಿದ ಪೇಪರ್ ಚೂರು. ಎಣ್ಣೆ ಇಳಿದು ಅಕ್ಷರಗಳು ಆಚೆ ಬದಿಗೆ ಕಾಣುತ್ತಿದ್ದವು.

ಮಿರ್ಚಿಯ ವಾಸನೆ.

"ಇದೇನ್ರಿ?"

"ಪೇಪರ್."

"ಪೇಪರ್ ಅಂತ ನನಗೂ ಕಾಣ್ತೈತಿ. ಎಣ್ಣಿ ಎಲ್ಲಿಂದ ಬಂತು?"

"ಒಂದ ಒಂದು ತಿಂದೆ. ಆ ಹುಲ್ಲು ನುಂಗಿ ನುಂಗಿ ನನ್ನ ನಾಲಿಗಿ ಸತ್ತು ಹೋಗೇತಿ."

"ನಿಮ್ಮ ಜೀವ ಉಳೀಲಿ ಅಂತ ಮಾಡಿದ್ರ ಹುಲ್ಲು ಅಂತೀರಿ? ನಾಳೆ ಮತ್ತ ಎದಿ ಹಿಡ್ಕೊಂಡು ಕುಂತ್ರ ನಾ ಯಾರ ಮನಿ ಬಾಗ್ಲಿಗೆ ಓಡ್ಲಿ?"

"ಒಂದ್ ದಿನನಾದ್ರೂ ನೀ ತಿಂದು ನೋಡೀಯೇನು?"

ಅಂಗಿಯನ್ನು ನೆಲಕ್ಕೆ ಬಿಸಾಡಿ ಅಡಿಗೆ ಮನೆಗೆ ಬಂದೆ. ಸಾಯಬೇಕೆಂದಿದ್ದರೆ ಸಾಯಲಿ ಎಂಬ ಮಾತು ಬಾಯಿಯವರೆಗೆ ಬಂತು. ದೇವರೇ ತಡೆದ.

ನಾನು ತಿಂದಿರಲಿಲ್ಲ.

ನಮ್ಮ ಮನೆಯಲ್ಲಿ ಒಲೆಯಿಂದ ಇಳಿದ ಅಡಿಗೆ ಮೊದಲು ದೇವರಿಗೆ. ಎಡೆ ಆಗುವ ತನಕ ನಾಲಿಗೆಗೆ ಸೋಕಿಸುವಂತಿಲ್ಲ. ಅತ್ತೆ ಕಲಿಸಿದ್ದು. ಉಪ್ಪು ಕೈ ಅಳತೆ, ಖಾರ ಕಣ್ಣಳತೆ. ಬದನೆಕಾಯಿ, ಬೇಳೆ, ಪುಂಡಿಪಲ್ಲೆ ಯಾವುದೂ ಎಂದೂ ಕೈಕೊಟ್ಟಿಲ್ಲ. ಆದರೆ ಬದನೆಕಾಯಿಯನ್ನು ನನ್ನ ಕೈ ಬಲ್ಲದು. ಬ್ರೊಕೊಲಿಯನ್ನು ಬಲ್ಲದು ಎಂದು ನನಗೆ ಯಾರು ಹೇಳಿದ್ದರು?

ಎಡೆಯ ಬಟ್ಟಲಿನಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡೆ. ನೀರಲ್ಲಿ ಕೊಳೆತ ಜೋಳದ ಸೊಪ್ಪೆಯಂತಿತ್ತು. ಮೂಗಿಗೆ ಕೆಟ್ಟ ಮೊಟ್ಟೆಯ ವಾಸನೆ ಹೊಡೆಯಿತು. ಉಗುಳಬೇಕೆನಿಸಿತು. ದೇವರ ಪ್ರಸಾದ, ಉಗುಳುವಂತಿಲ್ಲ. ಕಣ್ಣಲ್ಲಿ ನೀರು ಬಂತು, ನುಂಗಿದೆ. ಎರಡು ತಿಂಗಳು ಇದನ್ನೇ ನುಂಗಿದ ಆ ಮನುಷ್ಯನಿಗೆ, ಅರ್ಧ ಬಿಟ್ಟಿದ್ದಕ್ಕೆ ನಾನು ಬೈದಿದ್ದೆ.

ಮರುದಿನ ನಾದಿನಿ ಗಿರಿಜಾಗೆ ಫೋನ್ ಮಾಡಿದೆ. ಕಡ್ಡಿರಾಂಪುರದ ಹೋಂಸ್ಟೇ ಒಂದರಲ್ಲಿ ಪ್ರವಾಸಿಗರಿಗೆ ಅಡಿಗೆ ಮಾಡುತ್ತಾಳೆ. ಮೊದಲೇ ಕೇಳಬಹುದಿತ್ತು. ನನ್ನ ಅಡಿಗೆಯ ಸೊಕ್ಕು ಬಿಡಲಿಲ್ಲ. ಮಧ್ಯಾಹ್ನ ಬಂದಳು.

"ಎಷ್ಟು ಬೇಯಿಸ್ತಿ ಅತ್ತಿಗಿ?"

"ಮೂರು ಸೀಟಿ."

"ಮೂರು ಸೀಟಿ ಕೂಗ್ಸಾಕ ಅದೇನು ತೊಗರಿಬ್ಯಾಳಿ ಏನ? ನಮ್ಮಣ್ಣ ಒಂದ ಮಿರ್ಚಿಗೆ ನಿಂತಿದ್ದು ದೊಡ್ಡದಾತು ಬಿಡು."

ನನಗೆ ನಗು ಬರಲಿಲ್ಲ. ಅವಳು ಮಾಡುವುದನ್ನು ನೋಡುತ್ತ ನಿಂತೆ. ಇಂಥ ಚೀಟಿ ಇನ್ನೂ ಯಾರ ಮನೆಗೆ ಬಂದಿದೆಯೋ, ಅದಕ್ಕೇ ಬರೆಯುತ್ತಿದ್ದೇನೆ. ಅರಿಶಿನ ಹಾಕಿದ ಬೆಚ್ಚನೆ ನೀರಲ್ಲಿ ಬಿಡಿಸಿದ ಬ್ರೊಕೊಲಿ ಹೂಗಳನ್ನು ಹತ್ತು ನಿಮಿಷ ಬಿಟ್ಟರೆ ಹುಳ ಇದ್ದರೆ ಈಚೆ ಬರುತ್ತವೆ. ಇಡ್ಲಿ ಪಾತ್ರೆಯ ಹಬೆಯಲ್ಲಿ ಮೂರೇ ನಿಮಿಷ. ಹಸಿರು ಇನ್ನೂ ಮಿಂಚುತ್ತಿರುವಾಗಲೇ ತೆಗೆದು ಬಟ್ಟೆಯ ಮೇಲೆ ಹರವಬೇಕು. ಒಂದು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಜೋರು ಉರಿಯಲ್ಲಿ ಎರಡು ಸಲ ಕೈಯಾಡಿಸಿ ಇಳಿಸಿ, ಗುರೆಳ್ಳು ಪುಡಿ ಉದುರಿಸಿ ನಿಂಬೆ ಹಿಂಡಬೇಕು. ನಿಂಬೆ ಇದ್ದರೆ ಉಪ್ಪು ಚಿಟಿಕೆಯೇ ಸಾಕು. ನಾನು ತಿಪ್ಪೆಗೆ ಎಸೆಯುತ್ತಿದ್ದ ದಂಟನ್ನು ಅವಳು ಸಿಪ್ಪೆ ಹೆರೆದು, ತುರಿದು, ನೆನೆದ ಹೆಸರುಬೇಳೆಗೆ ಬೆರೆಸಿ ಕೋಸಂಬರಿ ಮಾಡಿದಳು.

ಬಾಣಲೆಯಿಂದ ಒಂದು ಹೂ ತೆಗೆದು ನನ್ನ ಬಾಯಿಯ ಮುಂದೆ ಹಿಡಿದಳು. "ತಿಂದು ನೋಡು."

"ಎಡಿ ಆಗಿಲ್ಲ."

"ಹಾರ್ಟ್ ಅಟ್ಯಾಕ್ ಆಗಿದ್ದು ದೇವ್ರಿಗಲ್ಲ ಅತ್ತಿಗಿ, ಅಣ್ಣಗ. ಬಾಯಿ ತೆಗಿ."

ಅವಳ ಬಾಯಿಗೆ ಬೀಗ ಇಲ್ಲ. ಮೈ ಉರಿಯಿತು. ಆದರೂ ಬಾಯಿ ತೆರೆದೆ. ಕರುಂ ಅಂದಿತು. ಬೆಳ್ಳುಳ್ಳಿ, ಗುರೆಳ್ಳು, ಕೊನೆಗೆ ನಿಂಬೆಯ ಹುಳಿ. ಇದು ಅದೇ ತರಕಾರಿಯೇ?

ಆ ರಾತ್ರಿ ಜೋಳದ ರೊಟ್ಟಿಯ ಜೊತೆ ಬಡಿಸಿದೆ. ನಮ್ಮ ಮನೆಯವರು ಹೊಗಳಲಿಲ್ಲ. ಎರಡನೇ ರೊಟ್ಟಿ ಕೇಳಿದರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಈಗ ದೇವರಿಗೆ ಕಮಲಾಪುರದ ಬಾಳೆಹಣ್ಣು, ಬಿಸಿ ಅನ್ನ ಎಡೆ. ಬ್ರೊಕೊಲಿಯ ರುಚಿ ನಾನು ನೋಡುತ್ತೇನೆ. ತಪ್ಪಿದ್ದರೆ ನನ್ನ ಪಾಲಿಗಿರಲಿ ಎಂದು ಕೈ ಮುಗಿದಿದ್ದೇನೆ. ಹೋದ ಸಲದ ಹೃದಯದ ಎಕೋ ಸ್ಕ್ಯಾನ್ ನೋಡಿ ಡಾಕ್ಟರು "ಪರವಾಗಿಲ್ಲ" ಎಂದರು. ಅಷ್ಟೇ ಅಂದರು, ಅಷ್ಟು ಸಾಕು. ಮಹಡಿಯ ಮೆಟ್ಟಿಲನ್ನು ಈಗ ನಡುವೆ ನಿಲ್ಲದೆ ಹತ್ತುತ್ತಾರೆ. ಅಂಗಿಯ ಜೇಬನ್ನು ನಾನು ದಿನಾ ನೋಡುತ್ತೇನೆ, ಬಸ್ ಟಿಕೆಟ್ ಇರುತ್ತದೆ. ಸಿಟ್ಟು ಇಳಿದಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಬೈಯಲಾದರೂ ಮನುಷ್ಯ ಎದುರಿಗಿದ್ದಾರಲ್ಲ.

ನಿನ್ನೆ ಮೊದಲ ತುತ್ತಿಗೇ ಮುಖ ಸಿಂಡರಿಸಿದರು. "ಉಪ್ಪು ಕಡಿಮಿ ಆಗೇತಿ."

ಇಷ್ಟು ವರ್ಷದಲ್ಲಿ ಹೇಳಲಾಗದ ಮಾತು ನನ್ನ ಬಾಯಿಗೆ ಬಂತು.

"ನಾ ತಿಂದು ನೋಡೀನಿ, ಸರಿ ಐತಿ. ಸುಮ್ನ ಉಣ್ರಿ."