ಒಮ್ಮೆ ಮಾತ್ರ ಬಂದ ಅಂಕಿ

ಶಕುನ, ಒಳಮನಸ್ಸಿನ ಕರೆ ಎಂದೆಲ್ಲ ಯಾರಾದರೂ ಶುರುಮಾಡಿದರೆ ನಾನು ಎದ್ದುಹೋಗುತ್ತಿದ್ದೆ. ಇಂಥದ್ದನ್ನು ನಾನೇ ಬರೆಯುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನೀವು ನಕ್ಕರೂ ಬೇಸರವಿಲ್ಲ.

ಖಾರಘರದಲ್ಲಿ ಆಗ ಇಷ್ಟು ಕಟ್ಟಡಗಳಿರಲಿಲ್ಲ. ನಮ್ಮ ಪುಟ್ಟ ಆಫೀಸಿನ ಕಿಟಕಿಯಿಂದ ಗುಡ್ಡ ಪೂರ್ತಿ ಕಾಣುತ್ತಿತ್ತು. ಎಂಥ ಚಂದದ ದಿನಗಳವು! ಕಂಪ್ರೆಸರಿನ ತಿರುಗುವ ಶಾಫ್ಟಿನ ಸುತ್ತಲಿನ ಸಂದಿಯಿಂದ ಗ್ಯಾಸ್ ಎಷ್ಟು ಸೋರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಆ ಸಂದಿಗೆ ಲ್ಯಾಬಿರಿಂತ್ ಸೀಲ್ ಎಂಬ ಹಲ್ಲುಹಲ್ಲಿನ ಬಳೆ ಕೂರಿಸುತ್ತಾರೆ. ಹಲ್ಲುಗಳು ಗ್ಯಾಸ್ ಬರುವ ಕಡೆಗೇ ಬಾಗಿರಬೇಕು. ಉಲ್ಟಾ ಆದರೆ ಸೋರಿಕೆ ಜಾಸ್ತಿ.

ನನಗೆ ಕೆಲಸ ಕಲಿಸಿದವರು ಉಡುಪಿ ಕಡೆಯ ಸುಮತಿ ಅಕ್ಕ. ಅವರ ಡಬ್ಬಿಯ ನೀರುದೋಸೆಯಲ್ಲಿ ಅರ್ಧ ನನಗೇ. ಡೊಂಬಿವಲಿಯ ಕಾರ್ಖಾನೆಯಲ್ಲಿ ಯಂತ್ರದ ಪರೀಕ್ಷೆಯಿದ್ದರೆ, ಅಕ್ಕ ಯಂತ್ರವಿರುವ ಕೋಣೆಯೊಳಗೆ ಹೋಗಿ ಸೀಲಿನ ಹತ್ತಿರ ಕಿವಿಯಿಟ್ಟು ಅದರ ಸಿಳ್ಳೆ ಕೇಳದೆ ಒಪ್ಪಿಗೆ ಕೊಡುತ್ತಿರಲಿಲ್ಲ. ಪರೀಕ್ಷೆಗೆ ಬಳಸುವುದು ನೈಟ್ರೋಜನ್. ಅದಕ್ಕೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಅಂಥದೊಂದು ಪರೀಕ್ಷೆಗೆ ಅಕ್ಕ ಹೋಗಿದ್ದ ಮಧ್ಯಾಹ್ನ, ನಾನು ಆಫೀಸಿನಲ್ಲಿ ಕೂತು ಅದೇ ಸೀಲಿನ ಲೆಕ್ಕವನ್ನು ಸುಮ್ಮನೆ ಇನ್ನೊಮ್ಮೆ ಓಡಿಸಿದೆ. ಸೋರಿಕೆ ವಿಪರೀತ ಬಂತು. ಏನೂ ಬದಲಿಸದೆ ಮತ್ತೆ ಓಡಿಸಿದರೆ ಹಳೆಯ ಸಣ್ಣ ಅಂಕಿಯೇ. ಕಂಪ್ಯೂಟರಿಗೆ ಅದನ್ನೇ ಕೊಟ್ಟರೆ ಅದೇ ಬರಬೇಕಲ್ಲ! ಏನೋ ಎಡವಟ್ಟು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಬಿಡಲಾಗಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಒಳಗೆ ಹೋಗಬೇಡಿ. ಮಷೀನ್ ಬಂದ್ ಮಾಡಿಸಿ, ಸೀಲ್ ಬಿಚ್ಚಿಸಿ ನೋಡಿ.”

“ಎಂಥದು ಮಾರಾಯ, ಬಾಗಿಲಿಗೆ ಕೈ ಹಾಕಿದ್ದೆ. ನಿನ್ನ ಕಂಪ್ಯೂಟರಿಗೆ ಜ್ವರವಾ?” ಎಂದು ಗದರಿದರೂ ನಿಲ್ಲಿಸಿದರು.

ಸಂಜೆ ಅವರೇ ಫೋನ್ ಮಾಡಿದರು. “ಶಾಫ್ಟಿನ ಎರಡು ತುದಿಯ ಸೀಲ್ ಅದಲುಬದಲು ಮಾಡಿದ್ದಾರೆ ಮಾರಾಯ. ಹಲ್ಲೆಲ್ಲ ಉಲ್ಟಾ. ಕೋಣೆ ತುಂಬ ಗ್ಯಾಸೇ.”

ಆಮೇಲೆ ಲೆಕ್ಕದಲ್ಲೂ ಹಲ್ಲುಗಳನ್ನು ಉಲ್ಟಾ ಮಾಡಿ ಓಡಿಸಿದೆ. ಮಧ್ಯಾಹ್ನದ ಅಂಕಿಯೇ ಬಂತು, ದಶಮಾಂಶದ ಕೊನೆಯವರೆಗೂ.

ಮೊದಲು ನಾನೇ ಉಲ್ಟಾ ಹಾಕಿ ಮರೆತಿರಬೇಕೆಂದು ಗೆಳೆಯರು ಛೇಡಿಸುತ್ತಾರೆ. ಹಾಗಾದರೆ, ಮುಟ್ಟದೆಯೇ ಅದು ಸರಿಯಾದದ್ದು ಹೇಗೆ? ನನಗಂತೂ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಕಲ್ಯಾಣ ಊರಿನಲ್ಲಿರುವ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಈ ಮಾತು ತೆಗೆದೆ.

“ಹೇಗೆ ಬಂತೋ, ಬಿಡು ಮಾರಾಯ. ಅವತ್ತು ನನ್ನ ಮಗಳು ಬಾಲವಾಡಿಯಲ್ಲಿ ನನಗೆ ಕಾಯ್ತಾ ಇದ್ದಳು, ಗೊತ್ತುಂಟಾ?”

ಗೊತ್ತಿರಲಿಲ್ಲ. ಆ ಮಗಳೇ ನನಗೆ ಬಡಿಸುತ್ತಿದ್ದಳು.