ಎರಡು ಬೆರಳು ಬಿಟ್ಟ ಕ್ರೇಟು

ನನ್ನ ಮಗ ಬಸವರಾಜ ಇವತ್ತು ಬೆಳಿಗ್ಗೆ ಟೊಮೇಟೊ ತಗೊಂಡು ನಮ್ಮ ಶೆಡ್ಡಿಗೆ ಬಂದ! ಒಂದಲ್ಲ ಎರಡಲ್ಲ, ಇಪ್ಪತ್ತೆರಡು ಕ್ರೇಟು. ಮೊಮ್ಮಗಳು ಸವಿತಾ ಮುಂದೆ ಓಡಿ ಬಂದು "ಅಜ್ಜೀ, ಅಪ್ಪ ಬರಾಕತ್ತಾನ!" ಎಂದಾಗ ನಾನು ನಂಬಲಿಲ್ಲ. ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಖರೆ, ಅವನೇ. ಈ ಸಂತೋಷ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೀತು, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಮೂರನೇ ಇಯತ್ತೆಯಷ್ಟೇ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಮಮದಾಪುರದ ಸಂಗ್ರಹ ಕೇಂದ್ರದಲ್ಲಿ ತರಕಾರಿ ಆರಿಸಿ ತುಂಬುವವಳು. ನಾಲ್ಕು ಕ್ರೇಟು ಹೊತ್ತು ಹೋದ ರೈತನ ಜೊತೆ ಸಗಟು ವ್ಯಾಪಾರಿ ಮಾತೇ ಆಡುವುದಿಲ್ಲ. ಅದಕ್ಕೆ ಮೂಡಲಗಿ ಕಡೆಯವರದು, ನಮ್ಮ ಗೋಕಾಕ ಕಡೆಯವರದು ಎಲ್ಲ ಒಂದೇ ಶೆಡ್ಡಿನಲ್ಲಿ ಕೂಡಿಸಿ, ಒಂದೇ ಗಾತ್ರದ ಹಣ್ಣು ಆರಿಸಿ, ಒಂದೇ ಗಾಡಿಯಲ್ಲಿ ಹುಕ್ಕೇರಿ ದಾಟಿಸಿ ಸಂಕೇಶ್ವರದ ವ್ಯಾಪಾರಿಗೆ ಕಳಿಸುತ್ತೇವೆ.

ಕಳೆದ ವರ್ಷ ಮೊದಲ ಗಾಡಿಯ ಕ್ರೇಟು ತುಂಬಿದವಳು ನಾನೇ. ನಮ್ಮಲ್ಲಿ ಅಳತೆ ಮಟ್ಟಸವಾಗಿ ಕೊಡುವುದು ಅವಮಾನ. ಸೇರು ಅಳೆದ ಮೇಲೂ ಒಂದು ಬೊಗಸೆ ಕೊಸರು ಹಾಕಬೇಕು ಎಂದು ಅತ್ತೆ ಕಲಿಸಿದ್ದಳು. ಹೊಸ ವ್ಯಾಪಾರಿ ಎಂದು ಪ್ರತಿ ಕ್ರೇಟಿಗೂ ಬೊಗಸೆ ಹೆಚ್ಚು ಹಾಕಿ ಗೋಪುರ ಮಾಡಿದೆ. ಅವನ್ನು ಒಂದರ ಮೇಲೊಂದು ಐದೈದು ಪೇರಿಸಿದರು. ವ್ಯಾಪಾರಿ ಮಾಲು ಇಳಿಸಿಕೊಳ್ಳಲಿಲ್ಲ, ಮರುದಿನ ಗಾಡಿ ಹಾಗೇ ತಿರುಗಿ ಬಂತು, ಕೆಳಗೆ ರಸ ಸೋರುತ್ತ.

ಎಲ್ಲರೂ ವ್ಯಾಪಾರಿಯನ್ನು ಬೈದರು. ನಾನು ಒಂದೊಂದೇ ಕ್ರೇಟು ಇಳಿಸಿ ನೋಡಿದೆ. ಎಲ್ಲಕ್ಕಿಂತ ಮೇಲಿದ್ದ ಕ್ರೇಟುಗಳಲ್ಲಿ ಮಾತ್ರ ಒಂದು ಹಣ್ಣೂ ಬಿರಿದಿರಲಿಲ್ಲ. ಅವುಗಳ ಮೇಲೆ ಭಾರವಿರಲಿಲ್ಲ. ಉಳಿದದ್ದನ್ನೆಲ್ಲ ಒಡೆದದ್ದು ನನ್ನ ಕೊಸರೇ.

"ತಪ್ಪ ನಂದು. ಇನ್ನ ಅಂಚಿಗಿಂತ ಎರಡ ಬೆರಳ ಕೆಳಗ ತುಂಬೂನು," ಎಂದೆ.

ಬಸವರಾಜ ಎಲ್ಲರೆದುರು ಸಿಡಿದ. "ಅರ್ಧಾ ಕ್ರೇಟ್ ಕಳಸಾಕ ನಾವೇನ ಜಿಪುಣರೇನಬೇ? ಅಪ್ಪ ಇದ್ದಿದ್ರ ನಾಚಿ ಸಾಯ್ತಿದ್ದ!"

ಅವನು ತನ್ನ ಟೊಮೇಟೊ ಮಾರಲು ಗೋಕಾಕ ಪೇಟೆಗೇ ಹೊರಳಿದ. ಅವನ ಹಿಂದೆ ಮುಕ್ಕಾಲು ಜನ ಹೋದರು. ಉಳಿದದ್ದು ಆರು ಮನೆ. ಇನ್ನೊಂದು ಗಾಡಿ ತಿರುಗಿದ್ದರೆ ಕೇಂದ್ರದ ಬಾಗಿಲು ಹಾಕುವುದೇ ಆಗಿತ್ತು.

ವರ್ಷವಿಡೀ ಆ ಶೆಡ್ಡಿನಲ್ಲಿ ಆರಿಸಲು ಕೂತವಳು ನಾನೊಬ್ಬಳೇ. ಮೊದಲು ಹರಟೆ ಹೊಡೆಯುತ್ತ ಜೊತೆಗೆ ಕೂರುತ್ತಿದ್ದ ಹೆಂಗಸರು ದಾರಿಯಲ್ಲಿ ಸಿಕ್ಕರೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎದುರಿಗೆ ಖಾಲಿ ಕ್ರೇಟು. ಒಣಗಿದ ಕಟಿರೊಟ್ಟಿ ಮುರಿದ ಸದ್ದು ಶೆಡ್ಡಿನ ತಗಡಿಗೆ ಬಡಿದು ನನಗೇ ವಾಪಸು ಕೇಳುತ್ತಿತ್ತು. ಸಂಜೆ ಮನೆಗೆ ಹೋದರೆ ಮಗ ಉಂಡು ಎದ್ದಿರುತ್ತಿದ್ದ. ಸೊಸೆ ನನ್ನ ತಾಟು ಮುಚ್ಚಿಟ್ಟಿರುತ್ತಿದ್ದಳು. ಆದರೂ ಪ್ರತಿ ಕ್ರೇಟಿನ ಅಂಚಿಗೂ ಎರಡು ಬೆರಳು ಇಟ್ಟು ನೋಡಿಯೇ ಕಳಿಸಿದೆ. ಒಂದು ಗಾಡಿಯೂ ತಿರುಗಲಿಲ್ಲ.

ಇವತ್ತು ಬಸವರಾಜ ಕ್ರೇಟು ಇಳಿಸಿ ತಲೆ ಎತ್ತಲೇ ಇಲ್ಲ.

"ಮೊನ್ನೆ ನಾನ ಟೆಂಪೋ ಮಾಡ್ಕೊಂಡ ಸಂಕೇಶ್ವರಕ್ಕ ಒಯ್ದಿದ್ನಿ. ಮ್ಯಾಲಿನ ಕ್ರೇಟ್ ಅಷ್ಟ ಉಳದ್ವು," ಎಂದ. ಒಂದು ಕ್ರೇಟು ನನ್ನ ಮುಂದೆ ಸರಿಸಿ, "ಎರಡ ಬೆರಳ ಬಿಟ್ಟೀನಿ, ನೋಡಬೇ."

ಬೆರಳಿಟ್ಟು ನೋಡಿದೆ. ಪುಣ್ಯಾತ್ಮ ಮೂರು ಬಿಟ್ಟಿದ್ದ! "ಅಲಲಾ, ಜಿಪುಣಾ!" ಎಂದೆ. ಅವನು ನಕ್ಕ. ಆ ನಗು ನೋಡಿ ವರ್ಷವಾಗಿತ್ತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕೊಡುವ ಕೈ ದೊಡ್ಡದಿದ್ದರೆ ಸಾಲದು, ಕೊಟ್ಟದ್ದು ನೆಟ್ಟಗೆ ತಲುಪಬೇಕು.

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣಲು ಕೂತೆವು. ಸವಿತಾಳ ತಾಟಿಗೆ ನಾನು ಕಡಲೆಹಿಟ್ಟಿನ ಜುಣಕ ಹಾಕುತ್ತಲೇ ಇದ್ದೆ.

"ಅಜ್ಜೀ, ಎರಡ ಬೆರಳ ಬಿಡು!" ಎಂದು ಕೂಗಿದಳು.

"ತಾಟಿನ ಮ್ಯಾಲೆ ತಾಟ ಪೇರಸ್ತೀ ಏನ? ಸುಮ್ನ ಉಣ್ಣ," ಎಂದು ಇನ್ನೊಂದು ರೊಟ್ಟಿ ಹಾಕಿದೆ. ಮಗ ತಾನಾಗಿ ತನ್ನ ತಾಟನ್ನೂ ನನ್ನ ಕಡೆ ಸರಿಸಿದ.